ಎಂಬತ್ತೊಂಬತ್ತನೆಯ ಪಾಕ

ಘಟನೆಗಳು ನಡೆದ ಕ್ರಮ ಹೀಗಿದೆ. ಮೂವತ್ತನಾಲ್ಕು ವರ್ಷಗಳ ಹಿಂದೆ ನನ್ನ ಅತ್ತೆ, ಎಂದರೆ ತಂದೆಯ ಅಕ್ಕ, ತಮ್ಮ ಮನೆಯ ಮುಂಗೋಣೆಯಲ್ಲಿ ಕೈಗೆ ಹಚ್ಚುವ ಕ್ರೀಮು ತಯಾರಿಸಿ ಮಾರಲು ಆರಂಭಿಸಿದರು. ಒಂದು ಸಲಕ್ಕೆ ಮಾಡಿದ ಕ್ರೀಮನ್ನು ಅವರು ಒಂದು ಪಾಕ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷಗಳ ಹಿಂದೆ, ಎಂಬತ್ತೊಂಬತ್ತನೆಯ ಪಾಕದ ಒಂದು ಡಬ್ಬಿಯ ವಿಷಯವಾಗಿ, ಎದುರು ಸಾಲಿನ ಪಾರ್ಲರಿನ ಒಡತಿಯೊಡನೆ ಅವರ ಮಾತು ನಿಂತಿತು. ಒಂಬತ್ತು ವರ್ಷಗಳ ಹಿಂದೆ ಅತ್ತೆಯ ಗಂಡ, ನನ್ನ ಮಾವ, ತೀರಿಕೊಂಡರು; ಆ ತಿಂಗಳೇ ಅಂಗಡಿಯೂ ಮುಚ್ಚಿತು. ಕಳೆದ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಅತ್ತೆ ಮಂಚದ ಕೆಳಗಿನಿಂದ ಒಂದು ಮರದ ಪೆಟ್ಟಿಗೆಯನ್ನು ಎಳೆದು ನನ್ನ ಮುಂದಿಟ್ಟರು.

ಪೆಟ್ಟಿಗೆಯೊಳಗೆ ಹೆಬ್ಬೆರಳಿನಗಲದ ತಗಡಿನ ಡಬ್ಬಿಗಳು ಸಾಲು ಸಾಲಾಗಿದ್ದವು. ಪ್ರತಿ ಪಾಕದಿಂದಲೂ ಒಂದು ಡಬ್ಬಿಯನ್ನು ತೆಗೆದಿಡುವುದು ಅತ್ತೆಯ ಪದ್ಧತಿ. ಅದನ್ನು ಅವರು ಸಾಕ್ಷಿ ಡಬ್ಬಿ ಎನ್ನುತ್ತಿದ್ದರು. ಮುಚ್ಚಳದ ಮೇಲೆ ಅಂಟಿಸಿದ ಚೀಟಿಯಲ್ಲಿ ಪಾಕದ ಸಂಖ್ಯೆ, ತಾರೀಕು ಎರಡೂ ಅವರ ದುಂಡನೆಯ ಅಕ್ಷರದಲ್ಲಿದ್ದವು. ನೂರ ನಲವತ್ತೊಂಬತ್ತು ಪಾಕಗಳು, ನೂರ ಐವತ್ತು ಡಬ್ಬಿಗಳು. ನಾನು ಎರಡು ಸಲ ಎಣಿಸಿದೆ. ಎಂಬತ್ತೊಂಬತ್ತಕ್ಕೆ ಮಾತ್ರ ಎರಡು ಡಬ್ಬಿಗಳಿದ್ದವು: ಒಂದು ಚಿಕ್ಕದು, ಇನ್ನೊಂದು ಮಾರಾಟದ ಅಳತೆಯದು. ದೊಡ್ಡದರೊಳಗಿನ ಕ್ರೀಮು ಒಣಗಿ ಅಂಚು ಬಿಟ್ಟಿತ್ತಾದರೂ ಮಧ್ಯದಲ್ಲಿ ಒಂದು ಬೆರಳು ಗೀರಿ ತೆಗೆದ ಗುರುತು ಸ್ಪಷ್ಟವಾಗಿತ್ತು.

"ಅದು ಅವಳು ವಾಪಸ್ ಎಸೆದು ಹೋದ ಡಬ್ಬಿ," ಎಂದರು ಅತ್ತೆ. "ನೀನು ಓದಿರೋದು ಇದನ್ನೇ ಅಲ್ವಾ? ನೋಡಿ ಹೇಳು. ಇದರಲ್ಲಿ ಬಾದಾಮಿ ಎಣ್ಣೆ ಇದೆಯೋ ಇಲ್ವೋ."

"ಇದ್ದರೆ?"

"ಇದ್ರೆ ಅವಳು ಸುಳ್ಳಿ. ಇಲ್ದಿದ್ರೆ ನಾನು."

"ಹತ್ತೊಂಬತ್ತು ವರ್ಷ ಸುಮ್ಮನಿದ್ದು ಈಗ್ಯಾಕೆ ಅತ್ತೆ?"

"ಅವಳು ಅಂಗಡಿ ಖಾಲಿ ಮಾಡ್ತಿದ್ದಾಳಂತೆ. ಮೂವತ್ತನೇ ತಾರೀಕು ತಂಗಿ ಊರಿಗೆ ಹೋಗಿಬಿಡ್ತಾಳಂತೆ." ಅತ್ತೆ ಸೆರಗಿನ ತುದಿಯಿಂದ ಡಬ್ಬಿಯ ಧೂಳು ಒರೆಸಿದರು. "ಎದುರಿಗೇ ಇದ್ದಾಳಲ್ಲ, ಎಲ್ಲಿಗೆ ಹೋಗ್ತಾಳೆ ಅಂದ್ಕೊಂಡಿದ್ದೆ."

ಆಕೆಯನ್ನು ಬೀದಿಯವರೆಲ್ಲ ಕತ್ತರಿ ಅಕ್ಕ ಎನ್ನುತ್ತಿದ್ದರು. ಕೈಯಲ್ಲಿ ಕತ್ತರಿ, ಬಾಯಲ್ಲಿ ಇನ್ನೊಂದು ಕತ್ತರಿ ಎಂಬುದು ಆ ಹೆಸರಿಗೆ ಕೊಡುತ್ತಿದ್ದ ಕಾರಣ. ದಿನಕ್ಕೆ ಇಪ್ಪತ್ತು ತಲೆ ತೊಳೆದು ಆಕೆಯ ಬೆರಳ ಸಂದುಗಳು ಬಿರಿಯುತ್ತಿದ್ದವು. ಅತ್ತೆ ಮೊದಲ ಪಾಕ ಮಾಡಿದ್ದೇ ಆ ಕೈಗಳಿಗಾಗಿ. ಆಮೇಲೆ ಲಾಂಡ್ರಿಯವರು, ಆಸ್ಪತ್ರೆಯ ದಾದಿಯರು, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು ಬಂದರು. ದಿನವೆಲ್ಲ ನೀರಲ್ಲಿ ಕೈ ಅದ್ದುವವರೇ ಹೆಚ್ಚು. ಆದರೂ ಪ್ರತಿ ಪಾಕದ ಮೊದಲ ಡಬ್ಬಿ ಬೀದಿ ದಾಟಿ ಕತ್ತರಿ ಅಕ್ಕನಿಗೆ ಹೋಗುತ್ತಿತ್ತು.

ಪಾಕ ಮಾಡುವುದನ್ನು ನಾನು ನಾಲ್ಕನೆಯ ವಯಸ್ಸಿನಿಂದ ಹದಿನಾಲ್ಕರವರೆಗೆ ನೋಡಿದ್ದೇನೆ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದುದರಿಂದ ಶಾಲೆ ಬಿಟ್ಟ ಮೇಲೆ ನನ್ನ ಜಾಗ ಆ ಮುಂಗೋಣೆಯ ಕಿಟಕಿಕಟ್ಟೆ. ಸಾಮಗ್ರಿ ಐದೇ: ಜೇನುಮೇಣ, ಬಾದಾಮಿ ಎಣ್ಣೆ, ನೀರು, ಪನ್ನೀರು, ಮೇಣವನ್ನೂ ನೀರನ್ನೂ ಒಂದಾಗಿಸಲು ಚಿಟಿಕೆ ಬಿಳಿಗಾರ. ಎಣ್ಣೆ ಮೇಣಗಳ ಪಾತ್ರೆಯನ್ನೂ ನೀರಿನ ಪಾತ್ರೆಯನ್ನೂ ಬೇರೆ ಬೇರೆ ಬಿಸಿ ಮಾಡಿ, ಎರಡರ ಬಿಸಿಯೂ ಸಮವಾದಾಗ ಒಂದಕ್ಕೊಂದು ಸುರಿಯಬೇಕು. ಥರ್ಮಾಮೀಟರ್ ಇರಲಿಲ್ಲ. ಅತ್ತೆ ಮೊಣಕೈಯ ಒಳಬದಿಯನ್ನು ಒಂದು ಪಾತ್ರೆಗೆ ತಾಗಿಸಿ, ಇನ್ನೊಂದಕ್ಕೆ ತಾಗಿಸಿ, ಕಣ್ಣು ಮುಚ್ಚಿ ನಿಂತು, "ಹೂಂ" ಎನ್ನುತ್ತಿದ್ದರು. ಆ ಹೂಂ ಬರುವವರೆಗೆ ಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಸುರಿದ ಮೇಲೆ ಹಳದಿ ದ್ರವ ಕ್ಷಣಮಾತ್ರದಲ್ಲಿ ಬೆಳ್ಳಗಾಗುತ್ತಿತ್ತು. ಅದನ್ನು ತಣ್ಣಗಾಗುವವರೆಗೂ ಒಂದೇ ದಿಕ್ಕಿಗೆ ತಿರುವುವಾಗ ಮೇಣ ಮತ್ತು ಪನ್ನೀರಿನ ವಾಸನೆ ಕಿಟಕಿಯ ಪರದೆಗೂ ನನ್ನ ಪುಸ್ತಕಗಳಿಗೂ ಹತ್ತಿಕೊಳ್ಳುತ್ತಿತ್ತು. ಪರೀಕ್ಷೆಗೆ ಕೂತಾಗ ಪುಟ ತಿರುವಿದರೆ ಆ ವಾಸನೆ ಬರುತ್ತಿತ್ತು. ಅದು ಬಾದಾಮಿಯ ವಾಸನೆ ಎಂದೇ ನಾನು ನಂಬಿದ್ದೆ.

ಎಣ್ಣೆ ತರುತ್ತಿದ್ದವರು ಮಾವ. ಅವರು ಔಷಧದಂಗಡಿಯಲ್ಲಿ ಕಾಂಪೌಂಡರ್. ಎರಡು ತಿಂಗಳಿಗೊಮ್ಮೆ ಒಂದು ಬಾಟಲಿ ತಂದು, ಮೂಲೆಯ ಉದ್ದನೆಯ ತಗಡಿನ ಡಬ್ಬಕ್ಕೆ ತಾವೇ ಸುರಿಯುತ್ತಿದ್ದರು. ಡಬ್ಬ ಅರ್ಧಕ್ಕೆ ಇಳಿದ ಕೂಡಲೇ ತುಂಬಬೇಕೆಂಬುದು ಅತ್ತೆಯ ಕಟ್ಟಪ್ಪಣೆ. "ಎಣ್ಣೆ ಡಬ್ಬದ ತಳ ಕಂಡ್ರೆ ಮನೆ ತಳ ಕಾಣುತ್ತೆ" ಎಂದು ಅವರ ಅಮ್ಮ ಹೇಳಿದ್ದರಂತೆ. ಜಗಳದ ಹೊತ್ತಿಗೆ ಹದಿನೈದು ವರ್ಷದಿಂದ ಆ ಡಬ್ಬದ ತಳವನ್ನು ಯಾರೂ ಕಂಡಿರಲಿಲ್ಲ.

ಜಗಳದ ದಿನ ನನಗೆ ನೆನಪಿಲ್ಲ. ಅತ್ತೆ ಹೇಳಿದ್ದನ್ನು ಬರೆದುಕೊಂಡೆ. ಡಬ್ಬಿ ಕೊಟ್ಟ ಮಾರನೆಯ ದಿನ ಕತ್ತರಿ ಅಕ್ಕ ಬಂದು, "ಏನೇ, ಈ ಸಲ ಏನು ಬೆರೆಸಿದ್ದೀಯ? ಹಚ್ಚಿ ಅರ್ಧ ಗಂಟೆ ಆದ್ರೂ ಬೆರಳಲ್ಲಿ ಕತ್ತರಿ ನಿಲ್ತಿಲ್ಲ. ಒಬ್ಬಳ ಕಿವಿ ಹೋಗ್ತಿತ್ತು" ಎಂದಿದ್ದಳು. ಅಂಗಡಿಯಲ್ಲಿ ಆಗ ನಾಲ್ವರು ದಾದಿಯರು ನಿಂತಿದ್ದರು. ಬಾದಾಮಿ ಎಣ್ಣೆ ಬಿಟ್ಟು ಬೇರೇನೂ ಹಾಕಿಲ್ಲವೆಂದರು ಅತ್ತೆ. "ನನ್ನ ಕೈ ಹೇಳುತ್ತೆ, ಇದು ಬೇರೆ" ಎಂದಳು ಅವಳು. "ಕೈಗೆ ಬಾಯಿ ಬಂದಿದೆಯಾ? ಇದ್ದ ಒಂದು ಸಾಲಲ್ವಾ? ಕ್ರೀಮಲ್ಲ ಕಣೇ ಹೆಚ್ಚಾಗಿರೋದು, ನಿನಗೆ ಕೊಬ್ಬು" ಎಂದರು ಇವರು. ದಾದಿಯರು ನಕ್ಕರು. ಡಬ್ಬಿ ಕಟ್ಟೆಯ ಮೇಲೆ ಬಿತ್ತು, ಕತ್ತರಿ ಅಕ್ಕ ಬೀದಿ ದಾಟಿದಳು. ತೊಂಬತ್ತನೆಯ ಪಾಕದ ಮೊದಲ ಡಬ್ಬಿಯನ್ನು ಅತ್ತೆ ಕಳಿಸಲಿಲ್ಲ.

ಇದರ ಒಂದು ಪರಿಣಾಮ ನನ್ನ ಶಾಲೆಯ ಫೋಟೋಗಳಲ್ಲಿ ದಾಖಲಾಗಿದೆ. ಆ ವರ್ಷದಿಂದ ಹತ್ತು ವರ್ಷ ನನ್ನ ಕೂದಲನ್ನು ಅತ್ತೆಯೇ ಕತ್ತರಿಸಿದರು. ಹತ್ತೂ ಫೋಟೋಗಳಲ್ಲಿ ಹಣೆಯ ಮೇಲಿನ ಕೂದಲು ಎಡಕ್ಕೆ ಇಳಿಜಾರು.

ನಾನು ಸಾಬೂನು ಮತ್ತು ಕ್ರೀಮುಗಳನ್ನು ತಪಾಸಣೆ ಮಾಡುವ ಒಂದು ಪ್ರಯೋಗಾಲಯದಲ್ಲಿ ಒಂದೂವರೆ ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಅತ್ತೆಯ ಡಬ್ಬಿಗಳನ್ನು ಮುಟ್ಟುವ ಮೊದಲು, ನನ್ನ ಮಾತು ಅವರಿಗೆ ಅರ್ಥವಾಗಬೇಕೆಂದು ಅಂಗಡಿಯಿಂದ ಮೂರು ಬಗೆಯ ಕ್ರೀಮು ತಂದು ಅಡುಗೆಮನೆಯ ಮೇಜಿನ ಮೇಲಿಟ್ಟೆ. ಅತ್ತೆ ಕನ್ನಡಕ ಹಾಕಿಕೊಂಡು ಅತ್ಯಂತ ದುಬಾರಿಯದನ್ನೇ ಮೊದಲು ಎತ್ತಿಕೊಂಡರು.

"ಆಕ್ವಾ ಅಂದ್ರೆ?"

"ನೀರು."

"ನೀರು ಅಂತ ಬರೆಯೋಕೆ ಏನು ರೋಗ?"

"ಪಟ್ಟೀಲಿ ಯಾವುದು ಹೆಚ್ಚು ಇರುತ್ತೋ ಅದನ್ನ ಮೊದಲು ಬರೀಬೇಕು ಅತ್ತೆ. ಮೊದಲನೇದೇ ನೀರು ಅಂದ್ರೆ ಚೆನ್ನಾಗಿರಲ್ಲ ಅಂತ ಅನ್ಸುತ್ತೆ. ಇಲ್ನೋಡಿ, ಎರಡನೇದು ಗ್ಲಿಸರಿನ್. ಅದು ನೀರನ್ನ ತನ್ನ ಕಡೆ ಎಳೆಯುತ್ತೆ. ಈ ಎಣ್ಣೆಗಳು ಒಣಗಿದ ಚರ್ಮದ ಬಿರುಕಿನೊಳಗೆ ಕೂತು ಮೆದು ಮಾಡ್ತವೆ. ಮೇಣ, ಪೆಟ್ರೋಲಿಯಂ ಜೆಲ್ಲಿ, ಲಿಕ್ವಿಡ್ ಪ್ಯಾರಾಫಿನ್, ಇವೆಲ್ಲ ಮೇಲೆ ಪದರ ಕಟ್ಟಿ ಒಳಗಿನ ತೇವ ಹೊರಗೆ ಹೋಗದ ಹಾಗೆ ತಡೀತವೆ."

"ಒಬ್ಬ ಕರೆಯೋನು, ಒಬ್ಬ ಒಳಗೆ ಕೂತ್ಕೊಳ್ಳೋನು, ಒಬ್ಬ ಬಾಗಿಲು ಹಾಕೋನು." ಅತ್ತೆ ಮೂರೂ ಡಬ್ಬಿಗಳ ಪಟ್ಟಿಯನ್ನು ಬೆರಳಿಟ್ಟು ಓದಿದರು. "ಇದರಲ್ಲೂ ಅವರೇ, ಇದರಲ್ಲೂ ಅವರೇ. ಬೆಲೆ ಮಾತ್ರ ಅತ್ತಿಗೆ ನಾದಿನಿ ಥರ, ಒಂದನ್ನೊಂದು ನೋಡಲ್ಲ. ಈ ಕೊನೇಲಿರೋದು?"

"ಬಾದಾಮಿ ಎಣ್ಣೆ."

"ಕೊನೇಲಾ? ಡಬ್ಬಿ ಮೇಲೆ ಇಷ್ಟು ದೊಡ್ಡ ಬಾದಾಮಿ ಚಿತ್ರ ಹಾಕಿ?" ಅವರು ನಗಲು ಹೋಗಿ ಅರ್ಧಕ್ಕೆ ನಿಲ್ಲಿಸಿದರು. ಅವರ ಮಾರಾಟದ ಡಬ್ಬಿಗಳ ಚೀಟಿಯ ಮೇಲೂ ಬಾದಾಮಿಯ ಚಿತ್ರವಿತ್ತು.

ಪರೀಕ್ಷೆ ಕಷ್ಟದ್ದಲ್ಲ. ಕ್ಷಾರದ ದ್ರಾವಣದೊಡನೆ ಒಂದು ಗಂಟೆ ಕುದಿಸಿದರೆ ಬಾದಾಮಿ ಎಣ್ಣೆಯಂಥ ಸಸ್ಯದ ಎಣ್ಣೆ ಸಾಬೂನಾಗಿ ನೀರಿನಲ್ಲಿ ಕರಗುತ್ತದೆ. ಔಷಧದಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಖನಿಜ ಎಣ್ಣೆಯಾದ ಲಿಕ್ವಿಡ್ ಪ್ಯಾರಾಫಿನ್ ಸಾಬೂನಾಗುವುದಿಲ್ಲ, ಬೇರ್ಪಡಿಸಿ ತೂಗಬಹುದು. ಜೇನುಮೇಣದಲ್ಲಿಯೂ ಸಾಬೂನಾಗದ ಭಾಗ ಸುಮಾರು ಅರ್ಧದಷ್ಟಿರುವುದರಿಂದ ಆ ಲೆಕ್ಕವನ್ನು ಕಳೆಯಬೇಕು. ಮುಖ್ಯಸ್ಥರ ಅನುಮತಿ ಪಡೆದು, ಕೆಲಸದ ವೇಳೆ ಮುಗಿದ ಮೇಲೆ, ಎಂಬತ್ತಾರರಿಂದ ತೊಂಬತ್ತೆರಡರವರೆಗಿನ ಡಬ್ಬಿಗಳನ್ನು ತಲಾ ಮೂರು ಸಲ ಪರೀಕ್ಷಿಸಿದೆ. ಐದು ಸಂಜೆ ಹಿಡಿಯಿತು. ಎಂಬತ್ತೆಂಟರವರೆಗೆ ಪ್ಯಾರಾಫಿನ್ ಇರಲಿಲ್ಲ. ಎಂಬತ್ತೊಂಬತ್ತರ ಎರಡೂ ಡಬ್ಬಿಗಳಲ್ಲಿ ಎಣ್ಣೆಯ ಅರ್ಧ ಭಾಗ ಪ್ಯಾರಾಫಿನ್. ತೊಂಬತ್ತರಲ್ಲಿ ಬಾದಾಮಿ ಕಾಲುಭಾಗಕ್ಕೆ ಇಳಿದಿತ್ತು, ತೊಂಬತ್ತೊಂದರಲ್ಲಿ ಅರೆಕಾಲಿಗೆ, ತೊಂಬತ್ತೆರಡರಲ್ಲಿ ಅದರ ಅರ್ಧಕ್ಕೆ. ಯಾರೋ ಡಬ್ಬವನ್ನು ಬರಿದು ಮಾಡದೆ, ಅರ್ಧಕ್ಕೆ ಇಳಿದಾಗಲೆಲ್ಲ ಪ್ಯಾರಾಫಿನ್ ಸುರಿದರೆ ಮಾತ್ರ ಅಂಕಿಗಳು ಹೀಗೆ ಇಳಿಯುತ್ತವೆ.

ಆ ಸಂಜೆ ನಾನು ತಕ್ಷಣ ಮನೆಗೆ ಹೋಗಲಿಲ್ಲ. ನನ್ನ ನೆನಪಿನ ಪಾಕಗಳೆಲ್ಲ ಎಂಬತ್ತೊಂಬತ್ತರ ಆಚೆಯವು. ಪುಸ್ತಕದ ಪುಟಗಳಲ್ಲಿ ನಾನು ಹತ್ತು ವರ್ಷ ಮೂಸಿದ ಬಾದಾಮಿಯಲ್ಲಿ ಬಾದಾಮಿ ಇರಲೇ ಇಲ್ಲ ಎನ್ನುವಷ್ಟು ಕಡಿಮೆಯಿತ್ತು. ಉಪಕರಣ ತೊಳೆದು, ಒರೆಸಿ, ಮತ್ತೊಮ್ಮೆ ತೊಳೆದೆ.

ಅಂಕಿಗಳನ್ನು ಓದಿ ಹೇಳಿದಾಗ ಅತ್ತೆ ತೊಗರಿಬೇಳೆ ಆರಿಸುತ್ತಿದ್ದರು. ಕೈ ನಿಲ್ಲಲಿಲ್ಲ.

"ಜನಕ್ಕೆ ಏನಾದ್ರೂ ತೊಂದರೆ ಆಗಿರುತ್ತಾ?"

"ಇಲ್ಲ ಅತ್ತೆ. ಶುದ್ಧವಾದ ಪ್ಯಾರಾಫಿನ್ನನ್ನ ಒಣಚರ್ಮಕ್ಕೆ ಡಾಕ್ಟರೇ ಬರೆದು ಕೊಡ್ತಾರೆ. ತೇವ ತಡೆಯೋದರಲ್ಲಿ ಅದು ಬಾದಾಮಿಗಿಂತ ಒಂದು ಕೈ ಮೇಲೆ. ಆದರೆ ಚರ್ಮದ ಒಳಗೆ ಹೆಚ್ಚು ಇಳಿಯಲ್ಲ. ಮೇಲೇ ಉಳಿಯುತ್ತೆ, ಜಾರುತ್ತೆ."

"ಚೀಟಿ ಮೇಲೆ ಮಾತ್ರ ಬಾದಾಮಿ."

"ಹೌದು."

ಅವರು ಕಲ್ಲೊಂದನ್ನು ಹೆಕ್ಕಿ ಪಕ್ಕಕ್ಕಿಟ್ಟರು. "ಆ ವರ್ಷ ಎಣ್ಣೆ ಕಮಟು ಹೊಡೀತಿತ್ತು. ಹೊಸದು ಸುರಿದ್ರೂ ವಾರಕ್ಕೆ ಕಮಟು. ನಿಮ್ಮ ಮಾವ ಹೇಳಿದ್ರು, ತಳದಲ್ಲಿರೋ ಹಳೇದು ಹೊಸದನ್ನೂ ಕೆಡಿಸ್ತಿದೆ, ಒಂದು ಸಲ ಡಬ್ಬ ಖಾಲಿ ಮಾಡಿ ತೊಳಿ ಅಂತ. ನಾನು ಕೇಳ್ಲಿಲ್ಲ. ಮೂರು ಸಲ ಹೇಳಿದ್ರು. ಆಮೇಲೆ ಹೇಳೋದೇ ಬಿಟ್ರು. ಕಮಟೂ ನಿಂತೋಯ್ತು. ನನ್ನ ಮಾತೇ ಗೆದ್ದಿತು ಅಂತ ನಾನು ಬೀಗಿದ್ದೆ."

"ಪ್ಯಾರಾಫಿನ್ ಕಮಟಾಗಲ್ಲ ಅತ್ತೆ."

"ಗೊತ್ತಾಯ್ತು ಬಿಡು." ಮೊರವನ್ನು ಕೆಳಗಿಟ್ಟರು. "ನನ್ನ ಜೊತೆ ವಾದ ಮಾಡಿ ಗೆದ್ದೋರು ಯಾರಿದ್ದಾರೆ? ಅದಕ್ಕೇ ಅವರು ವಾದಾನೇ ಮಾಡ್ದೆ ಬಾದಾಮಿ ಬದಲು ಅದನ್ನ ತಂದು ಸುರಿದ್ರು. ಆದ್ರೆ ಜಗಳದ ದಿನ ಒಳಗೇ ಕೂತಿದ್ರು ಕಣೇ. ಎಲ್ಲ ಕೇಳಿಸ್ಕೊಂಡು ಒಂದು ಮಾತು ಆಡ್ಲಿಲ್ಲ."

ಇಷ್ಟಾದ ಮೇಲೆ ಅತ್ತೆ ಸೀದಾ ಬೀದಿ ದಾಟುವರೆಂದು ನಾನು ಭಾವಿಸಿದ್ದೆ. ಮರುದಿನ ಬೆಳಿಗ್ಗೆ ಅವರ ಬುದ್ಧಿ ಮತ್ತೆ ಹಳೆಯ ಜಾಗಕ್ಕೆ ಬಂದಿತ್ತು.

"ಕ್ರೀಮು ಬೇರೆಯಾಗಿತ್ತು, ಒಪ್ಪಿದೆ. ಆದ್ರೆ ಅವಳಿಗೆ ಹೇಗೆ ಗೊತ್ತಾಯ್ತು? ನಾಲ್ಕು ಜನ ದಾದಿಯರಿಗೆ ಗೊತ್ತಾಗ್ಲಿಲ್ಲ. ನನಗೇ ಗೊತ್ತಾಗ್ಲಿಲ್ಲ. ಜಗಳಕ್ಕೆ ಅಂತ ಎಸೆದ ಕಲ್ಲು, ಹೋಗಿ ಹಣ್ಣಿಗೆ ಬಿತ್ತು, ಅಷ್ಟೇ. ಸುಮ್ನೆ ಊಹೆ ಮಾಡಿದೋಳ ಹತ್ರ ನಾನು ತಪ್ಪಾಯ್ತು ಅನ್ಬೇಕಾ?"

ಪ್ರಶ್ನೆ ಹಟದಿಂದ ಹುಟ್ಟಿದ್ದರೂ ಪ್ರಶ್ನೆಯಾಗಿ ಸರಿಯಾಗಿಯೇ ಇತ್ತು. ಎರಡು ಕ್ರೀಮುಗಳು ಭಿನ್ನವೆಂದು ತೋರಿಸುವುದು ಒಂದು. ಆ ಭಿನ್ನತೆ ಒಬ್ಬರ ಕೈಗೆ ತಿಳಿಯುತ್ತದೆಂದು ತೋರಿಸುವುದು ಇನ್ನೊಂದು. ಎರಡನೆಯದನ್ನು ನಾನು ಪರೀಕ್ಷಿಸಿರಲಿಲ್ಲ.

ಅತ್ತೆಯಿಂದಲೇ ಎರಡು ಹೊಸ ಪಾಕ ಮಾಡಿಸಿದೆ. ಒಂದು ಎಂಬತ್ತೆಂಟರಂತೆ, ಬಾದಾಮಿ ಎಣ್ಣೆಯದು. ಇನ್ನೊಂದು ಎಂಬತ್ತೊಂಬತ್ತರಂತೆ, ಅರ್ಧಕ್ಕೆ ಅರ್ಧ. ಉಳಿದ ಸಾಮಗ್ರಿ, ತೂಕ, ಪನ್ನೀರು ಎಲ್ಲವೂ ಸಮ. ಒಂಬತ್ತು ವರ್ಷದ ಮೇಲೆ ಅತ್ತೆ ಮತ್ತೆ ಪಾತ್ರೆಗೆ ಮೊಣಕೈ ತಾಗಿಸಿ ಕಣ್ಣು ಮುಚ್ಚಿ ನಿಂತರು. ನನ್ನ ಕೈಯಲ್ಲಿ ಥರ್ಮಾಮೀಟರ್ ಇತ್ತು. ಅವರು ಹೂಂ ಎಂದಾಗ ಎರಡು ಪಾತ್ರೆಗಳ ನಡುವಿನ ವ್ಯತ್ಯಾಸ ಒಂದು ಡಿಗ್ರಿ.

ಒಬ್ಬ ಸಹೋದ್ಯೋಗಿ ಪ್ರತಿ ಡಬ್ಬಿಗೂ ನಾಣ್ಯ ಚಿಮ್ಮಿ, ಬಿದ್ದ ಮುಖದ ಪ್ರಕಾರ ಎರಡರಲ್ಲೊಂದನ್ನು ತುಂಬಿ, ಹತ್ತು ಡಬ್ಬಿಗಳಿಗೆ ಸಂಖ್ಯೆ ಹಾಕಿಕೊಟ್ಟಳು. ಯಾವುದರಲ್ಲಿ ಯಾವುದೆಂಬ ಪಟ್ಟಿ ಅಂಟಿಸಿದ ಲಕೋಟೆಯಲ್ಲಿತ್ತು. ಹೀಗಾಗಿ ಉತ್ತರ ನನಗೂ ಗೊತ್ತಿರಲಿಲ್ಲ.

ಇಪ್ಪತ್ತೆಂಟನೆಯ ತಾರೀಕು ಮಧ್ಯಾಹ್ನ ಮೂರಕ್ಕೆ ನಾವು ಬೀದಿ ದಾಟಿದೆವು. ಪಾರ್ಲರಿನ ಕನ್ನಡಿಗಳನ್ನು ಆಗಲೇ ಇಳಿಸಿ ಗೋಡೆಗೆ ಒರಗಿಸಿದ್ದರು. ಕನ್ನಡಿಗಳಿದ್ದ ಜಾಗದಲ್ಲಿ ಗೋಡೆಯ ಬಣ್ಣ ಹೊಸದಾಗಿ ಉಳಿದಿತ್ತು. ಕತ್ತರಿ ಅಕ್ಕ ಉಳಿದಿದ್ದ ಒಂದೇ ಕುರ್ಚಿಯಲ್ಲಿ ಕೂತು ಬಾಚಣಿಗೆಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತುತ್ತಿದ್ದಳು. ತಲೆ ಎತ್ತಿ ಮೊದಲು ನನ್ನ ಹಣೆಯನ್ನು ನೋಡಿದಳು, ಆಮೇಲೆ ಅತ್ತೆಯನ್ನು.

"ಬಂದ್ಯಾ ಡಬ್ಬಿ ರಾಣಿ. ದಾರಿ ದೂರ ಆಯ್ತಾ?"

"ಮಧ್ಯ ಬೀದಿ ಇತ್ತಲ್ಲ," ಎಂದರು ಅತ್ತೆ.

"ಹತ್ತೊಂಬತ್ತು ವರ್ಷದ ಬೀದಿ."

"ಪರೀಕ್ಷೆ ಮಾಡೋಳು ಬೆಳೆದು ಓದಿ ಬರ್ಬೇಕಿತ್ತು. ಆಗ ಇವಳಿಗೆ ನಾಲ್ಕು ವರ್ಷ."

ನಾನು ಎಂಬತ್ತೊಂಬತ್ತನೆಯ ಡಬ್ಬಿಯ ಫಲಿತಾಂಶವನ್ನೂ, ಅತ್ತೆಯ ಸಂಶಯವನ್ನೂ, ಹತ್ತು ಡಬ್ಬಿಗಳ ಉದ್ದೇಶವನ್ನೂ ವಿವರಿಸಿದೆ. ಕತ್ತರಿ ಅಕ್ಕ ಕೊನೆಯವರೆಗೂ ಕೇಳಿದಳು.

"ಅಂದ್ರೆ ನಾನು ಹೇಳಿದ್ದು ನಿಜ ಅಂತ ಆಯ್ತು, ಆದ್ರೆ ನಿಜ ಹೇಳೋ ಯೋಗ್ಯತೆ ನನಗಿತ್ತಾ ಅಂತ ಇವಳಿಗೆ ಅನುಮಾನ."

"ಹಾಗೇ ಅಂದ್ಕೋ."

"ಸರಿ ಬಂದ್ರೆ ಏನು ಕೊಡ್ತೀಯ?"

"ತಪ್ಪಾಯ್ತು ಅಂತೀನಿ."

"ಅದನ್ನಿಟ್ಕೊಂಡು ನಾನೇನು ಮಾಡ್ಲಿ? ತೊಂಬತ್ತನೇ ಪಾಕದಿಂದ ನನ್ನ ಮೊದಲ ಡಬ್ಬಿಗಳು ಬಾಕಿ ಇವೆ. ತಂಗಿ ಮನೆಗೆ ಅಂಚೇಲಿ ಕಳಿಸು. ಮೊದಲು ಆ ಡಬ್ಬಾನ ತೊಳಿ."

"ತೊಳೆದಿದ್ದೀನಿ," ಎಂದರು ಅತ್ತೆ. ಅದು ನನಗೂ ಹೊಸ ಸುದ್ದಿ.

ಅತ್ತೆಯ ಮುಖದಿಂದ ಸುಳಿವು ಸಿಗಬಾರದೆಂದು ಅವರನ್ನು ಗೋಡೆಗೆ ಮುಖ ಮಾಡಿ ಕೂರಿಸಿದೆ. ಪ್ರತಿ ಸಲವೂ ಒಂದು ಬಟಾಣಿಯಷ್ಟು ಕ್ರೀಮು, ಬಲಗೈಯ ಹೆಬ್ಬೆರಳಿಗೂ ಮೊದಲೆರಡು ಬೆರಳುಗಳಿಗೂ, ಹತ್ತು ನಿಮಿಷ ಕಾಯುವುದು, ಕತ್ತರಿ ಹಿಡಿದು ಹಳೆಯ ಸವರಿಗೂದಲಿನ ಒಂದು ಎಳೆಯನ್ನು ಕತ್ತರಿಸುವುದು, ಉತ್ತರ ಹೇಳುವುದು, ಸಾಬೂನಿನಿಂದ ಕೈ ತೊಳೆದು ಒರೆಸಿಕೊಳ್ಳುವುದು. ಎರಡು ಗಂಟೆಗೂ ಹೆಚ್ಚು ಹೊತ್ತು ಹಿಡಿಯಿತು. ಕಾಯುವ ಹತ್ತು ನಿಮಿಷಗಳಲ್ಲಿ ಇಬ್ಬರೂ ಮಾತಾಡುತ್ತಿದ್ದರು. ಒಬ್ಬರು ಗೋಡೆಯ ಕಡೆಗೆ, ಇನ್ನೊಬ್ಬರು ಅವರ ಬೆನ್ನಿನ ಕಡೆಗೆ. ಲಾಂಡ್ರಿಯವಳ ಮಗಳ ಮದುವೆ, ಮೊದಲ ಪಾಕ ಮೊಸರಿನಂತೆ ಒಡೆದದ್ದು, ಮಾವನಿಗೆ ಬಂದ ಕಾಯಿಲೆ.

"ಅವರು ಹೋದಾಗ ಬರ್ಬೇಕು ಅಂತಿದ್ದೆ," ಎಂದಳು ಕತ್ತರಿ ಅಕ್ಕ, ಏಳನೆಯ ಡಬ್ಬಿಯ ಹೊತ್ತಿಗೆ. "ಬಾಗಿಲವರೆಗೂ ಬಂದಿದ್ದೆ."

"ಕಂಡೆ," ಎಂದರು ಅತ್ತೆ ಗೋಡೆಗೆ. "ಕಿಟಕಿಯಿಂದ."

"ಕಂಡೂ ಕರೀಲಿಲ್ಲ."

"ನೀನೂ ಒಳಗೆ ಬರ್ಲಿಲ್ಲ."

ಎಂಟನೆಯ ಡಬ್ಬಿಯ ಉತ್ತರ ಹೇಳುವಾಗ ಆಕೆ ತಡವರಿಸಿದಳು. ಒಂಬತ್ತು, ಹತ್ತು ಬೇಗ ಮುಗಿದವು. ಕೈ ಒರೆಸಿಕೊಳ್ಳುತ್ತ ಆಕೆ ನನ್ನ ಕಡೆ ತಿರುಗಿ, "ಇವಳು ಕತ್ತರಿಸಿದ ನಿನ್ನ ಹಣೆ ಕೂದಲು ನೋಡಿದಾಗೆಲ್ಲ ನನ್ನ ಬೆರಳು ತುರಿಸ್ತಿತ್ತು ಕಣೇ, ಹತ್ತು ವರ್ಷ" ಎಂದಳು.

ಲಕೋಟೆ ಒಡೆದು ಪಟ್ಟಿಯನ್ನು ಉತ್ತರಗಳ ಪಕ್ಕದಲ್ಲಿಟ್ಟು, ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದಿದೆ. ಅತ್ತೆ ಗೋಡೆಯಿಂದ ಈಚೆ ತಿರುಗಿದ್ದರು.

ಹತ್ತು ಡಬ್ಬಿಗಳಲ್ಲಿ ಒಂಬತ್ತು ಸರಿ, ಎಂಟನೆಯದು ಮಾತ್ರ ತಪ್ಪು. ಬರೀ ಊಹೆಯಿಂದ ಒಂಬತ್ತು ಅಥವಾ ಅದಕ್ಕಿಂತ ಹೆಚ್ಚು ಸರಿಯಾಗುವ ಸಾಧ್ಯತೆ ಸುಮಾರು ನೂರಕ್ಕೆ ಒಂದು. ಕತ್ತರಿ ಅಕ್ಕನ ಕೈಗೆ ಗೊತ್ತಿತ್ತು.